ಬೆನ್ನಿಗೆ ತಾಗಿದ ಗಾಳಿ

ಕೈ ಕಳೆದುಕೊಂಡವನಿಗೆ ಸ್ಪರ್ಶವನ್ನು ತಿರುಗಿ ಕೊಡುವ ಚರ್ಮವನ್ನು ಒಂದು ಗಾಡಿಗೆ ಹೊದಿಸಿದರೆ ಏನಾದೀತು? ಈ ಪ್ರಶ್ನೆ ಸುಪ್ರಭಾ ಹಂಜಿಗೆ ಹೊಳೆದದ್ದು ಬೆಳಗಾವಿಯ ಒಂದು ಆಸ್ಪತ್ರೆಯ ಕೃತಕ ಅಂಗಗಳ ಪ್ರಯೋಗಾಲಯದಲ್ಲಿ, ಕಲ್ಲಪ್ಪ ಎಂಬ ರೋಗಿ ಇದ್ದಕ್ಕಿದ್ದಂತೆ ನಕ್ಕ ಮಧ್ಯಾಹ್ನ.

ಕಲ್ಲಪ್ಪ ಎರಕದ ಕಾರ್ಖಾನೆಯಲ್ಲಿ ಬಲಗೈ ಕಳೆದುಕೊಂಡವನು. ಸುಪ್ರಭಾ ಮತ್ತು ಅವಳ ಸಹೋದ್ಯೋಗಿ ಝೀನತ್ ಮುಲ್ಲಾ ಸೇರಿ ಅವನಿಗೊಂದು ಕೃತಕ ಕೈ ಮಾಡಿದ್ದರು. ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹೊದಿಕೆ. ಹೊದಿಕೆಯೊಳಗೆ ರವೆಗಿಂತ ಸಣ್ಣ ಕಾಳುಗಳು, ಒತ್ತಡ ಬಿದ್ದರೆ ಸುದ್ದಿ ಕಳಿಸುವಂಥವು. ಆ ಸುದ್ದಿ ಕಲ್ಲಪ್ಪನ ಬೆನ್ನಿಗೆ ಅಂಟಿಸಿದ ಒಂದು ಪಟ್ಟಿಗೆ ಹೋಗಿ ಅಲ್ಲಿ ಮೆಲ್ಲಗೆ ಬಡಿಯುತ್ತಿತ್ತು. ಕೆಲವು ವಾರ ಕಳೆದ ಮೇಲೆ ಮಿದುಳು ಬೆನ್ನನ್ನು ಮರೆತು, ಆ ಬಡಿತವನ್ನು ಕೈಯದೆಂದೇ ನಂಬತೊಡಗುತ್ತದೆ. ಅಂದು ಯಾರೂ ಅವನ ಕೈ ಮುಟ್ಟಿರಲಿಲ್ಲ. ಸೆಕೆಯೆಂದು ಝೀನತ್ ಫ್ಯಾನ್ ಹಾಕಿದ್ದಳು, ಅಷ್ಟೆ.

"ಅಕ್ಕಾರ, ಕೈಗೆ ತಂಪನ್ ಗಾಳಿ ಬರಾಕತ್ತೈತ್ರಿ" ಎಂದು ಕಲ್ಲಪ್ಪ ಪ್ಲಾಸ್ಟಿಕ್ಕಿನ ಬೆರಳುಗಳನ್ನು ಅಗಲಿಸಿ ಹಿಡಿದು ನಕ್ಕ.

ಸುಪ್ರಭಾ ಅವನ ಸಂತೋಷವನ್ನು ನೋಡುತ್ತಾ ನಿಂತಳು. ಆದರೆ ಅವಳ ಮನಸ್ಸು ಆಗಲೇ ಗಂಡನ ಕಾರ್ಖಾನೆಯ ಹಿಂಭಾಗಕ್ಕೆ ಓಡಿಹೋಗಿತ್ತು.

ಗಂಡ ನೇಮಿನಾಥ ಬಸ್ಸಿನ ಬಾಡಿ ಕಟ್ಟುವವನು. ಉದ್ಯಮಬಾಗದ ಕೈಗಾರಿಕಾ ವಸಾಹತಿನಲ್ಲಿದ್ದ ಅವನ ತಗಡಿನ ಶೆಡ್ಡಿನಲ್ಲಿ ಮುಂದೆ ಬಸ್ಸುಗಳು, ಹಿಂದೆ ತಾಡಪತ್ರಿ ಮುಚ್ಚಿದ ಒಂದು ಉದ್ದನೆಯ ಗಾಡಿ. ಅದರ ಹೆಸರು ಸೂಜಿ. ಕಛ್‌ನ ಬಿಳಿ ಉಪ್ಪಿನ ಬಯಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ವೇಗದ ಓಟಕ್ಕೆ, ಮನೆಯಲ್ಲೇ ಕಟ್ಟಿದ ಗಾಡಿಗಳ ವಿಭಾಗಕ್ಕೆಂದು ನೇಮಿನಾಥ ಅದನ್ನು ವರ್ಷಗಟ್ಟಲೆ ಕಟ್ಟುತ್ತಿದ್ದ. ಅವನು ಮೆಕ್ಯಾನಿಕಲ್ ಓದಿದವನು, ಸುಪ್ರಭಾಳ ಕಾಲೇಜಿನ ಜೊತೆಗಾರ. ಬಸ್ಸು ಅವನ ಅಪ್ಪನಿಂದ ಬಂದ ಕೆಲಸ, ಸೂಜಿ ಅವನದೇ.

ವೇಗದ ಗಾಡಿಗೆ ಮೋಟಾರಿಗಿಂತ ದೊಡ್ಡ ತೊಂದರೆ ಗಾಳಿ. ಮುಂದಿನ ಗಾಳಿಯನ್ನು ಸೀಳುವುದು ಕಷ್ಟವಲ್ಲ, ಸೀಳಿದ ಗಾಳಿಯನ್ನು ಹಿಂದೆ ಸದ್ದಿಲ್ಲದೆ ಕೂಡಿಸುವುದು ಕಷ್ಟ. ಮೈಗೆ ಅಂಟಿಕೊಂಡು ಹರಿಯುವ ಗಾಳಿ ಎಲ್ಲಿ ಕಿತ್ತುಕೊಳ್ಳುತ್ತದೋ ಅಲ್ಲಿ ಸುಳಿ ಏಳುತ್ತದೆ, ಆ ಸುಳಿ ಗಾಡಿಯನ್ನು ಬಾಲ ಹಿಡಿದು ಹಿಂದಕ್ಕೆಳೆಯುತ್ತದೆ. ಹೀಗಾಗಿ ನೇಮಿನಾಥ ಸೂಜಿಯ ಬಾಲವೊಂದನ್ನೇ ಮತ್ತೆ ಮತ್ತೆ ಕೆಡವಿ ಕಟ್ಟಿದ್ದ. ಅಗಲ ಕಡಿಮೆಯಾದಷ್ಟೂ ಒಳ್ಳೆಯದೆಂದು ಚಾಲಕನ ಜಾಗವನ್ನು ಹೆಂಡತಿಯ ಭುಜದ ಅಳತೆಗೆ ಕಟ್ಟಿದ್ದ. ತಾನು ಅದರೊಳಗೆ ತೂರಲಾರೆ ಎಂಬುದು ಅವನಿಗೆ ಆಗ ಬೇಸರವೆನಿಸಿರಲಿಲ್ಲ. ಓಡಿಸುವುದು ಯಾರಾದರೇನು, ಆಕಾರ ತನ್ನದು.

"ಹಿಂಗ ಮಾಡಿದ್ರ ಹೆಂಗ, ನೇಮು" ಎಂದಳು ಸುಪ್ರಭಾ ಅಂದು ಸಂಜೆ, ಗಾಡಿಯ ಮೈ ಸವರುತ್ತಾ. "ಈ ಚರ್ಮ ಇದಕ್ಕ ಹೊದಸೋಣು. ಗಾಳಿ ಎಲ್ಲೆಲ್ಲಿ ಹೆಂಗ ಒತ್ತತೈತಿ ಅಂತ ನನ್ನ ಬೆನ್ನಿಗೆ ಗೊತ್ತಾಗತೈತಿ. ಓಡಸ್ಕೋತನ ನಿನಗ ಹೇಳ್ತೇನಿ."

ನೇಮಿನಾಥನಿಗೆ ಖುಷಿಯೇ ಆಯಿತು. ಗಾಳಿ ಹರಿಯುವುದನ್ನು ಅಳೆಯಲು ದೊಡ್ಡ ದೊಡ್ಡ ಕಂಪನಿಗಳಿಗೆ ಗಾಳಿ ಬೀಸುವ ಸುರಂಗಗಳಿವೆ, ಅವನಿಗೆ ಏನೂ ಇರಲಿಲ್ಲ. ತನ್ನ ಬಾಲ ಎಷ್ಟು ಚೆನ್ನಾಗಿದೆ ಎಂದು ಕೊನೆಗೂ ತಿಳಿಯುತ್ತದಲ್ಲ ಎಂದುಕೊಂಡ.

ಚರ್ಮ ಹೊದಿಸುವ ಹೊತ್ತಿಗೆ ಝೀನತ್ ಇನ್ನೊಂದು ಮಾತು ಸೇರಿಸಿದಳು. ಕೃತಕ ಕೈ ಲೋಟ ಹಿಡಿಯುವಾಗ ಜಾರಬಾರದೆಂದು ಅದರ ಚರ್ಮದಡಿ ಸಣ್ಣ ಎಳೆಗಳನ್ನು ಹಾಕಿದ್ದರು. ಕರೆಂಟು ಹರಿದರೆ ಅವು ಕುಗ್ಗಿ ಚರ್ಮವನ್ನು ಉಬ್ಬಿಸುತ್ತಿದ್ದವು. ಅವನ್ನು ಗಾಡಿಗೂ ಹಾಕಿದರೆ ಅದರ ಮೈ ಅಲ್ಲಲ್ಲಿ ಬೆರಳಿನ ದಪ್ಪದಷ್ಟು ಏಳಬಹುದು, ಇಳಿಯಬಹುದು. ಯಾವಾಗ ಏಳಬೇಕು ಎಂದು ಹೇಳುವವರು ಯಾರು? ಸುಪ್ರಭಾಳ ಬೆನ್ನೇ. ಕಲ್ಲಪ್ಪನ ಪಟ್ಟಿಯ ಬದಲು ಅವಳಿಗೆಂದು ಮಾಡಿದ ಅಂಗಿ ಬೆನ್ನಿಗೆ ಬಡಿಯುವುದಷ್ಟೇ ಅಲ್ಲ, ಅವಳ ಬೆನ್ನಿನ ಸ್ನಾಯುಗಳು ಬಿಗಿಯುವುದನ್ನೂ ಓದುತ್ತಿತ್ತು. ಗಾಳಿ ತಾಗಿದಾಗ ಮೈ ತಾನಾಗಿ ಹೇಗೆ ಹೊರಳುತ್ತದೋ ಗಾಡಿಯ ಮೈ ಹಾಗೆ ಹೊರಳುತ್ತದೆ.

ಊರಾಚೆ ಬಳಕೆಯಲ್ಲಿಲ್ಲದ ಒಂದು ಹಳೆಯ ವಿಮಾನಪಟ್ಟಿಯಲ್ಲಿ ಪರೀಕ್ಷೆ ಶುರುವಾಯಿತು. ಮೊದಮೊದಲು ಸುಪ್ರಭಾಳಿಗೆ ಬೆನ್ನ ಮೇಲೆ ಇರುವೆ ಹರಿದಾಡಿದಂತಾಗಿ ಗಾಡಿ ನಿಲ್ಲಿಸಿಬಿಡುತ್ತಿದ್ದಳು. ಎರಡನೆಯ ತಿಂಗಳಲ್ಲಿ ಒಂದು ದಿನ ಗಾಡಿಯಿಂದ ಇಳಿದವಳೇ ಸೊಂಟದ ಬಲಕ್ಕೆ ಕೈಯಿಟ್ಟು ಹೇಳಿದಳು.

"ಇಲ್ಲಿ ಏನೋ ಕಿತ್ತುಕೊಂಡು ಹೋಗಾಕತ್ತಿತ್ತು ನೇಮು. ಸೀರಿ ಸೆರಗು ಮುಳ್ಳಿಗೆ ಸಿಗಬಿದ್ದಂಗ. ನಾ ಸ್ವಲ್ಪ ಹಿಂಗ ಹೊಳ್ಳಿದೆ. ಬಿಟ್ಟುಹೋತು."

ಝೀನತ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಆ ಕ್ಷಣದಲ್ಲಿ ಬಾಲದ ಬಲಗಡೆ ಚರ್ಮ ಉಬ್ಬಿತ್ತು, ಗಾಳಿಯ ಎಳೆತ ಒಮ್ಮೆಲೇ ಎಂಟರಲ್ಲಿ ಒಂದು ಪಾಲು ಇಳಿದಿತ್ತು. ನೇಮಿನಾಥ ಆ ಚಿತ್ರವನ್ನೇ ನೋಡಿದ. ಅವನು ಎಷ್ಟೋ ಸಲ ಅಳೆದು ತೀಡಿ ಎರಡೂ ಕಡೆ ಒಂದೇ ಸಮ ಮಾಡಿದ್ದ ಬಾಲ ಈಗ ಒಂದು ಕಡೆ ಊದಿಕೊಂಡಂತೆ ಕಾಣುತ್ತಿತ್ತು.

"ಇದು ಸೊಟ್ಟ ಆಗೇತಲ್ಲ" ಎಂದ.

"ಗಾಳಿಗೆ ನೆಟ್ಟಗ ಐತ್ರಿ" ಎಂದಳು ಝೀನತ್.

ಅವಳು ತಮಾಷೆಗೆ ಹೇಳಿದ್ದು. ನೇಮಿನಾಥನೂ ನಕ್ಕ. ಆದರೆ ಅಂದಿನಿಂದ ಅವನಿಗೆ ಊಟ ಮೊದಲಿನಂತೆ ರುಚಿಸಲಿಲ್ಲ.

ಬೆನ್ನು ಚರ್ಮವನ್ನು ಪೂರಾ ಕಲಿಯಬೇಕಾದರೆ ದಿನಕ್ಕೆ ಕೆಲವು ಗಂಟೆಯಾದರೂ ಅಂಗಿ ತೊಟ್ಟಿರಬೇಕಿತ್ತು. ಸುಪ್ರಭಾ ಸೂಜಿಯನ್ನು ಮನೆಯ ಹಿತ್ತಿಲಿಗೇ ತರಿಸಿಕೊಂಡು, ಆಸ್ಪತ್ರೆಯಿಂದ ಬಂದವಳೇ ಅಂಗಿ ತೊಟ್ಟು ಅಡುಗೆಗೆ ನಿಲ್ಲುತ್ತಿದ್ದಳು. ಹೊರಗೆ ಗಾಡಿಗೆ ತಾಗಿದ ಗಾಳಿ ಒಳಗೆ ಅವಳ ಬೆನ್ನಿಗೆ ತಾಗುತ್ತಿತ್ತು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕೈ ನಿಲ್ಲಿಸಿ ಕಣ್ಣು ಮುಚ್ಚುವಳು. ಮುಖದಲ್ಲಿ ಸಣ್ಣ ನಗೆ.

"ಏನಾತ ಅವ್ವಾ?" ಎಂದು ನೇಮಿನಾಥನ ತಾಯಿ ಚಂಪಾಬಾಯಿ ಕೇಳುವಳು.

"ಏನಿಲ್ಲ ಅತ್ತಿ. ಪಡುವಣ ಗಾಳಿ ಬಿಟ್ಟೈತಿ."

ಒಂದು ಸಂಜೆ ನೇಮಿನಾಥ ಅವಳ ಹಿಂದೆ ಹೋಗಿ ಭುಜದ ಮೇಲೆ ಕೈಯಿಟ್ಟ. ಅವಳು ಬೆಚ್ಚಿ ಸರಿದಳು. "ಈಗ ಬ್ಯಾಡ ನೇಮು. ಯಾವುದು ಗಾಳಿ, ಯಾವುದು ಕೈ ಅಂತ ಬೆನ್ನಿಗೆ ಗೊಂದಲ ಆಗತೈತಿ." ಮಾತಿನಲ್ಲಿ ಸಿಟ್ಟಿರಲಿಲ್ಲ. ಮಗುವನ್ನು ಮಲಗಿಸುತ್ತಿರುವ ತಾಯಿ ಬಾಗಿಲು ಸದ್ದು ಮಾಡಬೇಡಿ ಎಂದು ಹೇಳುವ ಧಾಟಿ ಅದು.

ಅವನು ಹಿತ್ತಿಲಿಗೆ ಹೋದ. ಸೂಜಿ ಸಂಜೆಯ ಬೆಳಕಿನಲ್ಲಿ ಉದ್ದಕ್ಕೆ ಮಲಗಿತ್ತು. ಸ್ವಲ್ಪ ಹೊತ್ತು ನಿಂತು, ಅದರ ಪಕ್ಕೆಯ ಮೇಲೆ ಅಂಗೈ ಇಟ್ಟ. ಮದುವೆಯಾದ ಹೊಸದರಲ್ಲಿ ನಿದ್ದೆಯಲ್ಲಿದ್ದ ಹೆಂಡತಿಯ ಬೆನ್ನ ಮೇಲೆ ಇಡುತ್ತಿದ್ದನಲ್ಲ, ಹಾಗೆಯೇ, ಭಾರ ಹಾಕದೆ. ಆಮೇಲೆ ಅಡುಗೆಮನೆಯ ಕಿಟಕಿಯ ಕಡೆ ನೋಡಿದ. ಸುಪ್ರಭಾ ನೆಟ್ಟಗಾದಳು. ತನ್ನ ಕೈಯೆಂದು ಗುರುತು ಹಿಡಿದಳೇನೋ ಎಂದು ಅವನು ಕಾದ.

"ಅತ್ತಿ, ಗಾಡಿ ಮ್ಯಾಲೆ ಬೆಕ್ಕು ಏರೇತಿ ನೋಡ್ರಿ, ಓಡಸ್ರಿ" ಎಂದು ಅವಳು ಒಳಗಿನಿಂದ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ನೇಮಿನಾಥ ಕೈ ತೆಗೆದ. ತಾಯಿ ಹೊರಗೆ ಬರುವ ಮೊದಲೇ ಗೇಟು ದಾಟಿ ಹೋದ. ಗಾಳಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ಲೋಕದಲ್ಲಿ ಇದ್ದಾನೆಯೇ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಮರುವಾರ ಅವನು ತಾನೇ ಅಂಗಿ ತೊಟ್ಟು ನೋಡಿದ. ಝೀನತ್ ಎದುರಿಗೆ ಕೂತು ಗಾಡಿಯ ಮೈಮೇಲೆ ಅಲ್ಲಲ್ಲಿ ಊದಿದಳು, ಬೆರಳಿನಿಂದ ಗೀರಿದಳು. ನೇಮಿನಾಥನಿಗೆ ತಿಳಿದದ್ದು ತುರಿಕೆ ಮಾತ್ರ.

"ಇದು ಈಗ ಆಕೀ ಬೆನ್ನು ಕಲತೈತಿ ಸರ್" ಎಂದಳು ಝೀನತ್. "ನಿಮಗ ಬೇಕಂದ್ರ ಮೊದಲಿಂದ ಕಲಸಬೇಕು. ಆಗ ಆಕೀದು ಅಳಸಿಹೋಗತೈತಿ."

"ಬ್ಯಾಡ ಬಿಡು" ಎಂದು ಅವನು ಅಂಗಿ ಬಿಚ್ಚಿದ. ಅಳಿಸಿಹೋಗುತ್ತದೆ ಎಂಬ ಮಾತು ಕೇಳಿದಾಗ ಒಳಗೆ ಒಂದು ಕ್ಷಣ ಹಿತವೆನಿಸಿದ್ದು ಅವನಿಗೆ ನೆನಪಿನಲ್ಲಿ ಉಳಿಯಿತು.

ಓಟಕ್ಕೆ ಹೊರಡುವ ಮೊದಲು ಟಿವಿಯವರು ಬಂದರು. ಕ್ಯಾಮೆರಾದ ಮುಂದೆ ಸುಪ್ರಭಾ ಸೂಜಿಗೆ ಒರಗಿ ನಿಂತಿದ್ದಳು, ಪಕ್ಕದಲ್ಲಿ ನೇಮಿನಾಥ. ಈ ಗಾಡಿಯ ಆಕಾರ ಯಾರ ಕಲ್ಪನೆ ಎಂದು ವರದಿಗಾರ್ತಿ ಕೇಳಿದಳು. ನೇಮಿನಾಥ ಗಂಟಲು ಸರಿಮಾಡಿಕೊಂಡ.

"ಆಕಾರ ಅಂತ ಒಂದಿಲ್ಲರಿ ಇದಕ್ಕ" ಎಂದಳು ಸುಪ್ರಭಾ, ಹೇಳುವ ಉಮೇದಿಯಲ್ಲಿ. "ಗಾಳಿ ಹೆಂಗ ಕೇಳತೈತೋ ಹಂಗ ಆಗತೈತಿ."

ಅವಳು ಸುಳ್ಳು ಹೇಳಿರಲಿಲ್ಲ. ಗಂಡನನ್ನು ನೋಯಿಸಬೇಕೆಂದೂ ಹೇಳಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ನೋಯಿಸಬೇಕೆಂದು ಹೇಳಿದ್ದರೆ ಅವಳ ಮನಸ್ಸಿನಲ್ಲಿ ತಾನು ಇದ್ದೇನೆ ಎಂದಾದರೂ ಆಗುತ್ತಿತ್ತು.

ಕಛ್‌ನ ಬಯಲಿನಲ್ಲಿ ನೆಲ, ಬಾನು ಎರಡೂ ಬಿಳಿ. ಓಟದ ದಾರಿಗೆ ಎರಡು ಕಡೆ ಕಪ್ಪು ಗೆರೆ ಎಳೆದಿದ್ದರು. ದಾರಿಯ ಪಕ್ಕದಲ್ಲಿ ಪ್ರತಿ ತಂಡಕ್ಕೂ ಒಂದೊಂದು ಡೇರೆ, ಡೇರೆಗಳಾಚೆ ಹಗ್ಗ ಕಟ್ಟಿ ನೋಡುಗರ ಜಾಗ. ನಿಯಮ ಸರಳ. ಒಂದು ದಿಕ್ಕಿಗೆ ಓಡಬೇಕು, ಗಂಟೆಯೊಳಗೆ ಗಾಡಿ ತಿರುಗಿಸಿ ಎದುರು ದಿಕ್ಕಿಗೆ ಓಡಬೇಕು, ಎರಡರ ಸರಾಸರಿಯೇ ಲೆಕ್ಕ. ಚಾಲಕ ಮತ್ತು ಡೇರೆಯ ನಡುವಿನ ರೇಡಿಯೊ ಮಾತು ಎಲ್ಲರಿಗೂ ಕೇಳುವಂತೆ ಧ್ವನಿವರ್ಧಕದಲ್ಲಿ ಬರುತ್ತಿತ್ತು, ನೋಡಲು ಬಂದವರಿಗೆ ಅದೊಂದು ಮಜಾ.

ಡೇರೆಯಲ್ಲಿ ಝೀನತ್ ಚರ್ಮದ ಸುದ್ದಿಗಳನ್ನು ನೋಡುತ್ತಿದ್ದಳು. ನೇಮಿನಾಥನ ಬಳಿ ಬೇರೊಂದು ಪರದೆ. ಚರ್ಮ ಎಲ್ಲಿ ಎಷ್ಟು ಉಬ್ಬಬಹುದು ಎಂಬ ಮಿತಿಯನ್ನು ಹೊಂದಿಸುವುದು ಅವನ ಕೆಲಸ. ಎಳೆಗಳು ಹರಿಯದಿರಲೆಂದು ಇಟ್ಟ ಏರ್ಪಾಡು ಅದು.

ಮೊದಲ ಓಟದಲ್ಲಿ ಸೂಜಿ ಆ ವಿಭಾಗದ ದಾಖಲೆಯನ್ನು ಮೀರಿ ಓಡಿತು. ಡೇರೆಯಿಂದ ಜೀಪಿನಲ್ಲಿ ಅವರು ಆ ತುದಿಗೆ ಹೋದಾಗ ಸುಪ್ರಭಾ ಹೆಲ್ಮೆಟ್ ತೆಗೆದು ಉಪ್ಪಿನ ಮೇಲೆ ಕೂತಿದ್ದಳು. ಮುಖ ಕೆಂಪಾಗಿ ಹೊಳೆಯುತ್ತಿತ್ತು. ಅಂಥ ಮುಖವನ್ನು ನೇಮಿನಾಥ ಬಹಳ ವರ್ಷಗಳ ಹಿಂದೆ ನೋಡಿದ್ದ, ಆಗ ಅದಕ್ಕೆ ಕಾರಣ ತಾನಾಗಿದ್ದ.

"ಝೀನತ್, ಅರ್ಧ ದಾರಿಗೆ ಎಡಗಡಿಂದ ಬಂತು ನೋಡು, ಏನ್ ಹೇಳ್ಲಿ ನಿನಗ" ಎಂದು ಅವಳು ಕೈಯಾಡಿಸುತ್ತಾ ಹೇಳತೊಡಗಿದಳು. "ನೀರಾಗ ಈಜೋ ಮುಂದ ಆಗತೈತಲ್ಲ ಹಂಗ. ನಾ ಏನೂ ಮಾಡ್ಲಿಲ್ಲ, ಮೈ ತಾನ ಹೊಳ್ಳಿಕೊಂಡು ಹೋತು."

ನೇಮಿನಾಥ ನೀರಿನ ಬಾಟಲಿ ಚಾಚಿದ. ಅವಳು ತೆಗೆದುಕೊಂಡು, ಕುಡಿದು, ವಾಪಸು ಕೊಟ್ಟಳು. ಕಣ್ಣು ಝೀನತ್‌ಳ ಮೇಲೆ, ಮಾತು ಗಾಳಿಯ ಮೇಲೆ.

ಬ್ಯಾಟರಿ ತಣಿಸಲು, ಚಕ್ರ ನೋಡಲು ಝೀನತ್ ಅಲ್ಲೇ ಉಳಿದಳು. ನೇಮಿನಾಥ ಒಬ್ಬನೇ ಡೇರೆಗೆ ಮರಳಿದ. ಪರದೆಯ ಮುಂದೆ ಕೂತ. ಅಡ್ಡಗಾಳಿ ಸ್ವಲ್ಪ ಏಳುತ್ತಿದೆ, ಬಾಲ ಹೆಚ್ಚು ಅಲುಗಾಡದಿದ್ದರೆ ಕ್ಷೇಮ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಬಾಲದ ಮಿತಿಯನ್ನು ಕಾಲು ಭಾಗಕ್ಕೆ ಇಳಿಸಿದ. ಈಗ ಚರ್ಮ ಅವನು ತೀಡಿದ ಗೆರೆಯ ಮೇಲೆಯೇ ಕೂತಿರುತ್ತದೆ. ಇದರಿಂದಲೂ ದಾಖಲೆ ಬರಲಿ, ಆಮೇಲೆ ಹೇಳುತ್ತೇನೆ, ಬಾಲ ನಂದೇ ಇತ್ತು ಅಂತ. ಅಷ್ಟೇ ಅವನ ಯೋಚನೆ. ಅವಳ ಜೀವದ ವಿಚಾರ ಆ ಯೋಚನೆಯೊಳಗೆ ಬರಲೇ ಇಲ್ಲ.

ಝೀನತ್ ಬಂದಳು. ಎರಡನೆಯ ಓಟ ಶುರುವಾಯಿತು.

ಅರ್ಧ ದಾರಿಗೆ ಬರುವ ಮೊದಲೇ ರೇಡಿಯೊದಲ್ಲಿ ಸುಪ್ರಭಾಳ ದನಿ ಕೇಳಿತು. "ಝೀನತ್, ಸೊಂಟದ ಕೆಳಗ ಏನೋ ಆಗೇತಿ. ಗಾಳಿ ತಾಗತೈತಿ, ನಾ ಹೊಳ್ಳತೇನಿ, ಮೈ ಹೊಳ್ಳವಲ್ದು."

"ನನಗ ಎಲ್ಲಾ ಸರಿ ಕಾಣಾಕತ್ತೈತಿ ಅಕ್ಕಾ."

"ಸರಿ ಇಲ್ಲ. ಕಟ್ಟಿ ಹಾಕಿದಂಗ ಐತಿ. ಎಳ್ಯಾಕತ್ತೈತಿ ಎಡಕ್ಕ."

ನೇಮಿನಾಥನ ಪರದೆಯಲ್ಲಿ ಬಾಲದ ಎಳೆಗಳೆಲ್ಲ ಕೆಂಪಾಗಿದ್ದವು. ಅವಳ ಬೆನ್ನು ಪೂರಾ ಬಿಗಿದು ಕೇಳುತ್ತಿತ್ತು, ಮಿತಿ ತಡೆಯುತ್ತಿತ್ತು. ಡೇರೆಯ ಬಾಗಿಲಿನಿಂದ ಅವನು ಸೂಜಿಯನ್ನು ನೋಡಿದ. ದೂರದಲ್ಲಿ ಕಪ್ಪು ಗೆರೆಯ ಕಡೆಗೆ ಅದು ಓರೆಯಾಗಿ ಸರಿಯುತ್ತಿತ್ತು. ಅವನ ಬೆರಳು ಮಿತಿಯ ಗುಂಡಿಯ ಮೇಲಿತ್ತು. ಸುಮ್ಮನೆ ತೆರೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಅವಳು ಅಷ್ಟು ಬಿಗಿದಿರುವಾಗ ತೆರೆದರೆ ಬಾಲ ಒಮ್ಮೆಲೇ ಪೂರ್ತಿ ಉಬ್ಬುತ್ತದೆ, ಆ ವೇಗದಲ್ಲಿ ಗಾಡಿ ಎದ್ದು ಮಗುಚುತ್ತದೆ. ಅವಳು ಮೊದಲು ಬೆನ್ನು ಸಡಿಲಿಸಬೇಕು. ಸಡಿಲಿಸಬೇಕಾದರೆ ಯಾಕೆಂದು ಅವಳಿಗೆ ತಿಳಿಯಬೇಕು. ಗಾಳಿಯ ಎಳೆತಕ್ಕೆ ಸಿಕ್ಕವಳು ಕಾರಣವಿಲ್ಲದೆ ಮೈ ಬಿಡುವುದಿಲ್ಲ.

ಅವನು ಝೀನತ್‌ಳ ಕೈಯಿಂದ ಮೈಕು ಕಸಿದುಕೊಂಡ.

"ಪ್ರಭಾ, ನಾ ನೇಮು. ಗಾಡೀದು ಏನೂ ತಪ್ಪಿಲ್ಲ. ಬಾಲಕ್ಕ ನಾ ಮಿತಿ ಹಾಕೀನಿ. ಬೇಕಂತ ಹಾಕೀನಿ. ನೀ ಬೆನ್ನು ಸಡಲ ಬಿಡು, ಪೂರಾ ಬಿಡು. ವೇಗ ಇಳಸು. ಬ್ರೇಕಿನ ಪ್ಯಾರಾಶೂಟ್ ಬಿಚ್ಚಬ್ಯಾಡ, ಗಾಳಿ ಅಡ್ಡ ಐತಿ. ನೀ ಬಿಟ್ಟ ಮ್ಯಾಲೆ ನಾ ತಗೀತೇನಿ."

ಅವನ ದನಿ ಧ್ವನಿವರ್ಧಕಗಳಿಂದ ಬಯಲಿನ ತುಂಬ ಹೋಯಿತು. ಕನ್ನಡ ತಿಳಿಯದವರೂ ತಲೆಯೆತ್ತಿದರು. ಪಕ್ಕದ ಡೇರೆಯ ಹುಬ್ಬಳ್ಳಿಯವರು ತಮ್ಮ ಕೆಲಸ ಬಿಟ್ಟು ಅವನ ಕಡೆ ತಿರುಗಿದರು. ಝೀನತ್ ಕುರ್ಚಿಯಿಂದ ಎದ್ದಿದ್ದಳು.

ಪರದೆಯ ಮೇಲಿನ ಕೆಂಪು ನಿಧಾನವಾಗಿ ಆರಿತು. ಅವಳು ಬೆನ್ನು ಬಿಟ್ಟಿದ್ದಳು. ನೇಮಿನಾಥ ಮಿತಿಯನ್ನು ಸ್ವಲ್ಪ ಸ್ವಲ್ಪವೇ ತೆರೆದ. ಸೂಜಿ ಕಪ್ಪು ಗೆರೆ ದಾಟಿ, ಎರಡು ಸುತ್ತು ತಿರುಗಿ, ಉಪ್ಪಿನ ಧೂಳಿನಲ್ಲಿ ಮುಚ್ಚಿಹೋಗಿ ನಿಂತಿತು. ಮಗುಚಲಿಲ್ಲ.

ಅವರು ತಲುಪುವಷ್ಟರಲ್ಲಿ ಅವಳನ್ನು ಹೊರಗೆ ತೆಗೆದಿದ್ದರು. ಭುಜದ ಎಲುಬು ಮುರಿದಿತ್ತು. ಸ್ಟ್ರೆಚರಿನ ಮೇಲೆ ಮಲಗಿ ಅವಳು ನೇಮಿನಾಥನನ್ನು ನೋಡಿದಳು. ಆ ದಿನ ಅವಳು ಅವನನ್ನು ನೆಟ್ಟ ನೋಟದಿಂದ ನೋಡಿದ್ದು ಅದೇ ಮೊದಲು.

"ಯಾವಾಗ ಹಾಕಿದಿ?"

"ನೀ ನೀರು ಕುಡದ ಮ್ಯಾಲೆ."

"ಯಾಕ?"

ಅಡ್ಡಗಾಳಿ, ಕ್ಷೇಮ ಎಂಬ ಮಾತುಗಳು ಅವನ ನಾಲಗೆಯ ತುದಿಯವರೆಗೆ ಬಂದವು.

"ಹೊಟ್ಟಿಕಿಚ್ಚಿಗೆ" ಎಂದ.

ಅವಳು ಮುಖ ಆ ಕಡೆ ತಿರುಗಿಸಿದಳು.

ಬೆಳಗಾವಿಗೆ ಬಂದ ಮೇಲೆ ಸುಪ್ರಭಾ ಮನೆ ಬಿಟ್ಟು ಹೋಗಲಿಲ್ಲ. ಸೂಜಿ ಹೋಯಿತು, ಆಸ್ಪತ್ರೆಯ ಹಿಂದಿನ ಗೋದಾಮಿಗೆ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಅವಳು ಕೆಲಸಕ್ಕೆ ಹೋದಳು, ಬಂದಳು, ಅತ್ತೆಯ ಜೊತೆ ಮಾತಾಡಿದಳು, ಗಂಡನಿಗೆ ಬಡಿಸಿದಳು. ಗಂಡ ಹೆಂಡತಿಯ ನಡುವೆ ನಡೆಯುವ ಸಣ್ಣಪುಟ್ಟ ಮಾತು, ಗ್ಯಾಸ್ ಮುಗಿದಿದೆ, ವಿಜಯಕ್ಕನ ಮಗಳ ಮದುವೆ ಇದೆ ಎಂಬಂಥದ್ದು, ಅದೂ ಇತ್ತು. ಗಾಡಿಯ ಮಾತು ಮಾತ್ರ ಇರಲಿಲ್ಲ.

ಚಂಪಾಬಾಯಿಗೆ ನಡೆದದ್ದೆಲ್ಲ ಝೀನತ್‌ಳಿಂದ ಗೊತ್ತಾಗಿತ್ತು. ಒಂದು ದಿನ ಮಗ ಊಟ ಮಾಡುತ್ತಿದ್ದಾಗ ಎದುರಿಗೆ ಬಂದು ಕೂತಳು.

"ನಿಮ್ಮಪ್ಪ ನನಗ ಹೊಲಿಗಿ ಕ್ಲಾಸಿಗೆ ಹೋಗಬ್ಯಾಡ ಅಂತಿದ್ರು" ಎಂದಳು. "ನಾ ಏನ್ ಹೊಲದ್ರೂ ಅವರಿಗೆ ಸೇರತಿದ್ದಿಲ್ಲ. ಯಾಕಂತ ಅವರು ಸಾಯೂತನ ಹೇಳಲಿಲ್ಲ. ನೀ ಹೇಳಿದ್ಯಂತಲ್ಲ, ಅಷ್ಟು ಮಂದಿ ಕೇಳೂ ಹಂಗ."

"ಹೇಳಿದ್ರೇನಾತು ಅವ್ವಾ. ಮಾಡಿದ್ದು ಮಾಡಿದ್ದ."

"ಹೌದು. ಮಾಡಿದ್ದು ಮಾಡಿದ್ದ" ಎಂದು ಅವಳು ಒಪ್ಪಿಕೊಂಡು, ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮಳೆಗಾಲ ಮುಗಿದ ಮೇಲೆ ಸುಪ್ರಭಾಳೇ ಕಾರ್ಖಾನೆಗೆ ಬಂದಳು. ಸೂಜಿಯ ಚೌಕಟ್ಟು ಬಾಗಿದ್ದನ್ನು ಬೇರೆ ಇಬ್ಬರಿಗೆ ತೋರಿಸಿದ್ದಳಂತೆ, ಯಾರಿಂದಲೂ ಆಗಿರಲಿಲ್ಲ. ನೇಮಿನಾಥ ಮೂರು ವಾರ ಕೂತು ಚೌಕಟ್ಟು ನೆಟ್ಟಗೆ ಮಾಡಿದ, ಚಕ್ರಗಳಿಗೆ ಹೊಸ ತಗಡಿನ ಮುಚ್ಚಳಗಳನ್ನು ಬಡಿದು ಮಾಡಿದ. ಬಾಲಕ್ಕೆ ಕೈ ಹಚ್ಚಲಿಲ್ಲ. ಗಾಡಿ ಒಯ್ಯುವ ದಿನ ಅವಳು ಬಾಗಿಲಲ್ಲಿ ನಿಂತು ಹೇಳಿದಳು.

"ಕಛ್‌ಗೆ ನೀ ಬರಬ್ಯಾಡ ಅನ್ನಂಗಿಲ್ಲ ನಾ. ಡೇರೆದಾಗ ಬರಬ್ಯಾಡ."

ಹೀಗಾಗಿ ಆ ವರ್ಷ ಅವನು ಹಗ್ಗದ ಈಚೆ, ಟೋಪಿ ಹಾಕಿಕೊಂಡ ಪ್ರವಾಸಿಗರ ನಡುವೆ ನಿಂತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ಕಡಲೆಕಾಯಿ ತಿನ್ನುತ್ತಿದ್ದಳು. ದೂರದಲ್ಲಿ ಸೂಜಿ ಹೊರಟಿತು, ಬೆಳೆಯಿತು, ಎದುರಿನಿಂದ ದಾಟಿತು. ಅವನು ಅದನ್ನು ಓಡುವಾಗ ಹೊರಗಿನಿಂದ, ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಯಾವಾಗಲೂ ಪರದೆಯ ಮುಂದಿರುತ್ತಿದ್ದ. ದಾಟುವಾಗ ಅದರ ಮೈ ಒಮ್ಮೆ ಅಲೆಯಂತೆ ಹೊರಳಿದ್ದು ಕಣ್ಣಿಗೆ ಕಂಡಿತು. ಎಷ್ಟು ಚಂದವಿತ್ತೆಂದರೆ ಅವನಿಗೆ ಹಲ್ಲು ಕಚ್ಚುವಂತಾಯಿತು. ಅದು ಅವನ ಗೆರೆಯಲ್ಲ.

ದಾಟಿದ ಮೇಲೆ ಹಿಂದಿನ ಎಡಚಕ್ರದ ಬಳಿ ಉಪ್ಪಿನ ಧೂಳು ಸಣ್ಣ ಜುಟ್ಟಿನಂತೆ ಮೇಲೆದ್ದಿತು. ಬಲಚಕ್ರದ ಬಳಿ ಏಳಲಿಲ್ಲ.

ಧ್ವನಿವರ್ಧಕ ವೇಗ ಹೇಳಿತು, ಹಳೆಯ ದಾಖಲೆಗಿಂತ ಬಹಳ ಹೆಚ್ಚು. ಜನ ಕೂಗಿದರು. ನೇಮಿನಾಥ ಆ ಜುಟ್ಟನ್ನೇ ನೆನೆಯುತ್ತಾ ನಿಂತ. ಎಡ ಮುಚ್ಚಳದ ಅಂಚು ಬಿರಿದಿರಬೇಕು. ಇನ್ನೊಂದು ಓಟಕ್ಕೆ ತಡೆಯಬಹುದು, ತಡೆಯದೆಯೂ ಇರಬಹುದು. ಆ ಮುಚ್ಚಳ ತಾನೇ ಬಡಿದದ್ದು. ಅಲ್ಲಿ ಚರ್ಮವಿಲ್ಲ, ಅವಳ ಬೆನ್ನಿಗೆ ಅದು ತಿಳಿಯುವುದಿಲ್ಲ. ಗಾಳಿ ಅವಳಿಗೆ ಹೇಳದ ಒಂದು ಸಂಗತಿ ಈ ಬಯಲಿನಲ್ಲಿ ತನ್ನೊಬ್ಬನಿಗೆ ಮಾತ್ರ ಗೊತ್ತು. ಆ ಭಾವ ಬಾಯಲ್ಲಿಟ್ಟ ಬೆಲ್ಲದಂತೆ ಒಂದು ಗಳಿಗೆ ಇತ್ತು. ಆಮೇಲೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗಿ, ಹಗ್ಗದಡಿ ನುಸುಳಿ ಓಡಿದ.

ಕಾವಲಿನವನು ತಡೆದ. ಅವನ ವಾಕಿಟಾಕಿಯಲ್ಲಿ ನೇಮಿನಾಥ ಝೀನತ್‌ಳನ್ನು ಕೇಳಿಕೊಂಡ ಮೇಲೆ ಜೀಪು ಬಂತು. ಆ ತುದಿಯಲ್ಲಿ ಝೀನತ್ ಅವನ ಮಾತು ಕೇಳಿ ಪರದೆ ನೋಡಿದಳು.

"ಇದರಾಗ ಏನೂ ಇಲ್ಲ" ಎಂದಳು. ಅವಳ ದನಿಯಲ್ಲಿ ಮೊದಲಿನ ಸರ್ ಇರಲಿಲ್ಲ.

"ಅದರಾಗ ಬರಂಗಿಲ್ಲ. ಚಕ್ರದ ಮ್ಯಾಲೆ ಚರ್ಮ ಇಲ್ಲ. ನಾ ಹೊರಗಿಂದ ನೋಡೀನಿ."

ಗಾಡಿಯ ಪಕ್ಕ ಕೂತಿದ್ದ ಸುಪ್ರಭಾ ಅವನನ್ನೇ ನೋಡುತ್ತಿದ್ದಳು. ಎರಡನೆಯ ಓಟಕ್ಕಿದ್ದ ಗಂಟೆಯ ಗಡುವು ಓಡುತ್ತಿತ್ತು.

"ನನಗ ಗೊತ್ತಾಗಿಲ್ಲ ಅಲ್ಲಿ" ಎಂದಳು ಕೊನೆಗೆ. "ನೋಡು."

ಅವನು ಉಪ್ಪಿನ ಮೇಲೆ ಅಂಗಾತ ಮಲಗಿ ಚಕ್ರದಡಿ ತೂರಿದ. ಮುಚ್ಚಳದ ಅಂಚು ಕೈಯಗಲ ಸೀಳಿ, ಟೈರಿಗೆ ಕೂದಲೆಳೆಯಷ್ಟು ದೂರದಲ್ಲಿ ಅಲುಗುತ್ತಿತ್ತು. ಸೀಳನ್ನು ಕತ್ತರಿಸಿ, ತಗಡಿನ ತುಂಡು ಕೂಡಿಸಿ, ರಿವೆಟ್ ಹೊಡೆದ. ಅವಳು ಬಗ್ಗಿ ಅವನ ಕೈಗಳನ್ನು ನೋಡುತ್ತಿದ್ದದ್ದು ಅವನಿಗೆ ಗೊತ್ತಿತ್ತು.

"ಮುಗೀತೇನು?"

"ಮುಗೀತು."

"ಝೀನತ್, ನೀ ಒಮ್ಮಿ ನೋಡು" ಎಂದಳು ಸುಪ್ರಭಾ.

ನೇಮಿನಾಥ ಎದ್ದು, ಬಟ್ಟೆಯ ಉಪ್ಪು ಕೊಡವಿಕೊಂಡು, ಝೀನತ್‌ಗೆ ಜಾಗ ಬಿಟ್ಟು ನಿಂತ. ಝೀನತ್ ಟಾರ್ಚು ಹಿಡಿದು ಒಂದೊಂದು ರಿವೆಟ್ಟನ್ನೂ ಒತ್ತಿ ನೋಡಿದಳು, ಬಾಲದ ಸುತ್ತಲೂ ನೋಡಿದಳು, ತಲೆಯಾಡಿಸಿದಳು. ಸುಪ್ರಭಾ ಹೆಲ್ಮೆಟ್ ಹಾಕಿಕೊಂಡು ಒಳಗಿಳಿದಳು.

ಜೀಪಿನವನು ಅವನನ್ನು ಮತ್ತೆ ಹಗ್ಗದ ಬಳಿ ಇಳಿಸಿದ. ಕಡಲೆಕಾಯಿಯ ಹೆಂಗಸು ಅವನ ಕೈಗೂ ಒಂದಿಷ್ಟು ಹಾಕಿದಳು. ಅವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನೋಡಿದ. ಸೂಜಿ ಎದುರಿನಿಂದ ಬಂತು, ದಾಟಿತು, ಧೂಳು ಎರಡೂ ಕಡೆ ಒಂದೇ ಸಮ ನೆಲಕ್ಕಂಟಿ ಮಲಗಿತು. ಧ್ವನಿವರ್ಧಕ ಹೊಸ ದಾಖಲೆಯನ್ನು ಎರಡು ಭಾಷೆಯಲ್ಲಿ ಸಾರಿತು. ಸುಪ್ರಭಾ ಹಂಜಿ ಎಂಬ ಹೆಸರನ್ನು ತಪ್ಪುತಪ್ಪಾಗಿ ಉಚ್ಚರಿಸಿತು. ಸುತ್ತಲಿನವರು ಚಪ್ಪಾಳೆ ತಟ್ಟಿದಾಗ ಅವನೂ ತಟ್ಟಿದ. ಎದೆಯಲ್ಲಿ ಉರಿ ಇನ್ನೂ ಇತ್ತು. ಅದು ಹೋಗುತ್ತದೆಂದು ಅವನು ಕಾಯಲಿಲ್ಲ.

ಮೂರು ಕಿಲೋಮೀಟರ್ ಆಚೆ, ಬಿಳಿಯ ನಡುವೆ ಸೂಜಿ ಒಂದು ಚುಕ್ಕೆಯಾಗಿ ನಿಂತಿತ್ತು. ಅದರ ಪಕ್ಕ ಇನ್ನೊಂದು ಸಣ್ಣ ಚುಕ್ಕೆ ಕಾಣಿಸಿಕೊಂಡಿತು. ಗಾಡಿಯಿಂದ ಇಳಿದ ಅವಳು ಮೊದಲು ಯಾವ ಕಡೆ ತಿರುಗಿದಳೋ ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ನೇಮಿನಾಥ ಹಗ್ಗದ ಈಚೆಯಲ್ಲೇ, ಆ ಚುಕ್ಕೆಯ ದಿಕ್ಕಿಗೆ ನಡೆಯತೊಡಗಿದ.